ಗಲಾಪಗೋಸ್ ಹಡಗು ಪ್ರವಾಸ: ಮೊದಲು ದ್ವೀಪ ಆರಿಸಿ, ದೋಣಿ ಆಮೇಲೆ

ಪ್ರಾಣಿಪಕ್ಷಿ ನೋಡಲು ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಿಗೆ ಹೋಗೋಣ ಅಂತ ಮನಸ್ಸು ಮಾಡಿದವರು ಬುಕಿಂಗ್ ಮಾಡಲು ಕೂತಾಗ ಕಂಗಾಲಾಗುವುದು ಸಹಜ. ಹತ್ತಾರು ದೋಣಿಗಳು. ಒಂದೊಂದು ದೋಣಿಗೂ ಎರಡು ಮೂರು ದಾರಿ. ನಾಲ್ಕು ದಿನ, ಐದು ದಿನ, ಎಂಟು ದಿನ, ಹದಿನೈದು ದಿನ. ಬೆಲೆ ನೋಡಿದರೆ ಒಂದಕ್ಕೊಂದು ನಾಲ್ಕು ಪಟ್ಟು ವ್ಯತ್ಯಾಸ, ಫೋಟೋ ನೋಡಿದರೆ ಎಲ್ಲ ಕಡೆ ಅದೇ ನೀಲಿ ಪಾದದ ಬೂಬಿ ಹಕ್ಕಿ, ಅದೇ ಆಮೆ. ಇದರ ಜೊತೆಗೆ ‘ಹಡಗೇ ಬೇಡ, ಊರಲ್ಲಿ ಹೋಟೆಲ್ ಮಾಡಿಕೊಂಡು ದಿನಾ ಹೋಗಿಬನ್ನಿ, ಅರ್ಧ ದುಡ್ಡು ಉಳಿಯುತ್ತೆ’ ಅನ್ನುವವರು ಬೇರೆ. ಹೀಗೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ಗೊತ್ತಾಗದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಹಳ ಜನ ದೋಣಿಯನ್ನು ಆರಿಸುತ್ತಾರೆ, ಆಮೇಲೆ ಅದು ಕರೆದುಕೊಂಡು ಹೋದ ಕಡೆ ಹೋಗುತ್ತಾರೆ. ಇದು ತಿರುಗುಮುರುಗು. ಯಾವ ಪ್ರಾಣಿಯನ್ನು ನೋಡದೆ ವಾಪಸ್ ಬಂದರೆ ಬೇಜಾರಾಗುತ್ತೆ ಅಂತ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಅದು ಯಾವ ದ್ವೀಪದಲ್ಲಿದೆ, ಯಾವ ತಿಂಗಳಲ್ಲಿ ಸಿಗುತ್ತೆ ಅಂತ ನೋಡಿ. ಆ ದ್ವೀಪಕ್ಕೆ ಹೋಗುವ ದೋಣಿಗಳು ಹತ್ತರಲ್ಲಿ ನಾಲ್ಕು ಉಳಿದರೆ, ಆ ನಾಲ್ಕರಲ್ಲಿ ದುಡ್ಡು, ಕೋಣೆ, ಊಟ ಎಲ್ಲ ಹೋಲಿಸಿ.

ಯಾಕೆ ಹೀಗೆ ಹೇಳುತ್ತೇನೆ ಅನ್ನುವುದು ಅಲ್ಲಿಯ ನಿಯಮ ಗೊತ್ತಾದರೆ ಅರ್ಥವಾಗುತ್ತೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಕರಾವಳಿಯಿಂದ ಸುಮಾರು 1000 ಕಿಲೋಮೀಟರ್ ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದ ಮಧ್ಯೆ ಇರುವ ಜ್ವಾಲಾಮುಖಿ ದ್ವೀಪಗಳು ಇವು. 1959ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, 1978ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ನೆಲದ ಶೇಕಡಾ 97ರಷ್ಟು ಭಾಗ ಉದ್ಯಾನಕ್ಕೆ ಸೇರಿದ್ದು. ಜನ ಊರು ಕಟ್ಟಿಕೊಂಡು ಇರುವುದು ನಾಲ್ಕೇ ದ್ವೀಪಗಳಲ್ಲಿ: ಸಾಂಟಾ ಕ್ರೂಜ್, ಸಾನ್ ಕ್ರಿಸ್ಟೋಬಲ್, ಇಸಬೆಲಾ, ಫ್ಲೋರಿಯಾನಾ. ಉಳಿದ ದ್ವೀಪಗಳಲ್ಲಿ ಗೊತ್ತುಮಾಡಿದ ಜಾಗಕ್ಕೆ ಮಾತ್ರ, ಗೊತ್ತುಮಾಡಿದ ಹೊತ್ತಿಗೆ ಮಾತ್ರ, ಉದ್ಯಾನದ ಪರವಾನಗಿ ಇರುವ ಗೈಡ್ ಜೊತೆಗೇ ಇಳಿಯಬೇಕು. ಒಬ್ಬ ಗೈಡ್‌ಗೆ ಹದಿನಾರು ಜನ. ಒಂದು ಹಡಗಿನಲ್ಲಿ ಹೆಚ್ಚೆಂದರೆ ನೂರು ಪ್ರಯಾಣಿಕರು. 2012ರಿಂದ ಇನ್ನೊಂದು ನಿಯಮ ಇದೆ: ಒಂದು ದೋಣಿ ಒಂದು ಜಾಗಕ್ಕೆ ಹೋದರೆ ಮತ್ತೆ ಅದೇ ಜಾಗಕ್ಕೆ 14 ದಿನದೊಳಗೆ ಹೋಗುವಂತಿಲ್ಲ. ಆದ್ದರಿಂದ ಪ್ರತಿ ದೋಣಿಗೂ ಹದಿನೈದು ದಿನದ ಒಂದು ದೊಡ್ಡ ಸುತ್ತು ಇರುತ್ತೆ. ಅದನ್ನು ಎರಡು ಎಂಟು ದಿನದ ತುಂಡು ಮಾಡಿ, ಅಥವಾ ಇನ್ನೂ ಚಿಕ್ಕದು ಮಾಡಿ ಮಾರುತ್ತಾರೆ. ಎಷ್ಟೇ ದುಡ್ಡು ಕೊಟ್ಟರೂ ಒಂದು ವಾರದಲ್ಲಿ ಎಲ್ಲವನ್ನೂ ತೋರಿಸುವ ದೋಣಿ ಇಲ್ಲ. ಏನೋ ಒಂದನ್ನು ಬಿಡಲೇಬೇಕು. ಏನನ್ನು ಬಿಡುತ್ತೀರಿ ಅನ್ನುವುದೇ ನಿಜವಾದ ಆಯ್ಕೆ.

ಅಳೆಯಬೇಕಾದ್ದು ಏನನ್ನು?

ಐದು ವಿಷಯ ಸಾಕು. ಯಾವ ಪ್ರಾಣಿ ಮುಖ್ಯ, ಯಾವ ತಿಂಗಳು ಹೋಗುತ್ತೀರಿ, ನಿಮ್ಮ ಹೊಟ್ಟೆ ಸಮುದ್ರವನ್ನು ಎಷ್ಟು ತಡೆಯುತ್ತೆ, ಎಷ್ಟು ದಿನ ರಜ ಇದೆ, ಒಬ್ಬೊಬ್ಬರಿಗೆ ಎಷ್ಟು ದುಡ್ಡು. ಜೊತೆಗೆ ಯಾರು ಬರುತ್ತಿದ್ದಾರೆ ಅನ್ನುವುದು ಈ ಐದನ್ನೂ ಬದಲಾಯಿಸುತ್ತೆ. ಎಪ್ಪತ್ತು ದಾಟಿದ ಅಪ್ಪ ಅಮ್ಮ ಬಂದರೆ ಲೆಕ್ಕವೇ ಬೇರೆ, ಆರು ವರ್ಷದ ಮಗು ಬಂದರೆ ಬೇರೆ.

ಕೋಣೆ ಎಷ್ಟು ದೊಡ್ಡದು, ಬಿಸಿನೀರಿನ ತೊಟ್ಟಿ ಇದೆಯಾ, ಬಾಲ್ಕನಿ ಇದೆಯಾ ಅನ್ನುವುದನ್ನು ನಾನು ಕೊನೆಗೆ ಇಡುತ್ತೇನೆ. ದಿನಕ್ಕೆ ಎರಡು ಸಲ ದಡಕ್ಕೆ ಇಳಿಯುವುದು, ಒಂದೆರಡು ಸಲ ಸ್ನಾರ್ಕೆಲ್ (ನೀರಲ್ಲಿ ಮುಖವಿಟ್ಟು ಉಸಿರಾಡುವ ಕೊಳವೆ) ಹಾಕಿಕೊಂಡು ನೀರಿಗಿಳಿಯುವುದು, ಮಧ್ಯೆ ಊಟ, ಸಂಜೆ ಗೈಡ್ ನಾಳೆಯ ವಿಷಯ ಹೇಳುವುದು, ಇಷ್ಟರಲ್ಲಿ ದಿನ ಮುಗಿಯುತ್ತೆ. ಕೋಣೆಗೆ ಹೋಗುವುದು ಮಲಗಲು ಮಾತ್ರ.

ಪಶ್ಚಿಮದ ದಾರಿ, ದಕ್ಷಿಣದ ದಾರಿ, ಉತ್ತರದ ಜೆನೊವೆಸಾ

ಪಶ್ಚಿಮ ಅಂದರೆ ಫೆರ್ನಾಂಡಿನಾ ದ್ವೀಪ ಮತ್ತು ಇಸಬೆಲಾದ ಹಿಂಬದಿಯ ದಡ. ಇಲ್ಲಿಗೆ ಊರಿಂದ ದಿನದ ದೋಣಿ ಇಲ್ಲ, ಹಡಗಿನಲ್ಲಿ ಮಲಗಿಯೇ ಹೋಗಬೇಕು. ಸಾಗರದ ಆಳದಲ್ಲಿ ಪಶ್ಚಿಮದಿಂದ ಹರಿದುಬರುವ ಕ್ರಾಮ್‌ವೆಲ್ ಪ್ರವಾಹ ಈ ದ್ವೀಪಗಳಿಗೆ ಬಡಿದು ಮೇಲೆ ಏಳುತ್ತೆ. ಅದರ ಜೊತೆ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತೆ. ಮೀನು ಜಾಸ್ತಿ, ಆದ್ದರಿಂದ ಸಮಭಾಜಕ ವೃತ್ತದ ಮೇಲೆಯೇ ಪೆಂಗ್ವಿನ್ ಇವೆ. ಹಾರುವುದನ್ನೇ ಬಿಟ್ಟ ನೀರುಕಾಗೆ ಇಡೀ ಭೂಮಿಯ ಮೇಲೆ ಇರುವುದು ಈ ಎರಡು ದ್ವೀಪಗಳ ಅಂಚಿನಲ್ಲಿ ಮಾತ್ರ.

ಫೆರ್ನಾಂಡಿನಾದಲ್ಲಿ ಇಳಿಯುವ ಜಾಗ ಒಂದೇ, ಪುಂಟಾ ಎಸ್ಪಿನೋಜಾ. ಕಪ್ಪು ಲಾವಾ ಬಂಡೆ. ಕಾಲಿಡುವ ಮೊದಲು ಗೈಡ್ ‘ನೆಲ ನೋಡಿಕೊಂಡು ನಡೆಯಿರಿ’ ಅನ್ನುತ್ತಾರೆ, ಯಾಕೆಂದರೆ ಬಂಡೆ ಅಂತ ತಿಳಿದುಕೊಂಡಿದ್ದು ಕಣ್ಣು ಬಿಡುತ್ತೆ. ನೂರಾರು ಕಡಲ ಇಗ್ವಾನಾಗಳು (ಸಮುದ್ರದಲ್ಲಿ ಈಜುವ ದೊಡ್ಡ ಹಲ್ಲಿಗಳು) ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಿರುತ್ತವೆ. ಆಗಾಗ ಒಂದು ‘ಪುಸ್’ ಅಂತ ಮೂಗಿನಿಂದ ಉಪ್ಪುನೀರು ಚಿಮ್ಮಿಸುತ್ತೆ. ಸಮುದ್ರದ ಪಾಚಿ ತಿಂದು ಮೈಯಲ್ಲಿ ಸೇರಿದ ಉಪ್ಪನ್ನು ಹೊರಹಾಕುವುದು ಹೀಗೆ. ಆ ಉಪ್ಪು ಅವುಗಳ ತಲೆಯ ಮೇಲೇ ಬಿದ್ದು ಒಣಗಿ ಬೆಳ್ಳಗೆ ಕೂತಿರುತ್ತೆ. ಪಕ್ಕದಲ್ಲೇ ನೀರುಕಾಗೆ ಈಜಿ ಬಂದು, ಚಿಂದಿಯಂತಾದ ಮೋಟು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತೆ, ಬಾಯಲ್ಲಿ ತಂದ ಪಾಚಿಯ ಎಳೆಯನ್ನು ಗೂಡಲ್ಲಿ ಕೂತ ಜೋಡಿಗೆ ಕೊಡುತ್ತೆ. ಹಾರದ ಹಕ್ಕಿಗೆ ರೆಕ್ಕೆ ಒಣಗಿಸುವ ಅಭ್ಯಾಸ ಮಾತ್ರ ಉಳಿದುಕೊಂಡಿದೆ. ಇದೇ ದ್ವೀಪದಲ್ಲಿ 2019ರಲ್ಲಿ ಒಂದು ಹೆಣ್ಣು ದೈತ್ಯ ಆಮೆ ಸಿಕ್ಕಿತು. ಆ ಜಾತಿ 1906ರಲ್ಲಿ ಒಂದೇ ಒಂದು ಸಲ ಕಂಡು, ಆಮೇಲೆ ಅಳಿದುಹೋಯಿತು ಅಂತ ಅಂದುಕೊಂಡಿದ್ದರು. ಪ್ರವಾಸಿಗಳಿಗೆ ಅದನ್ನು ತೋರಿಸುವುದಿಲ್ಲ, ಆದರೆ ನಿಂತಿರುವ ನೆಲ ಎಂಥದ್ದು ಅಂತ ತಿಳಿಯಲು ಇದು ಸಾಕು.

ಪಶ್ಚಿಮದ ಕಷ್ಟವನ್ನೂ ಹೇಳಬೇಕು. ದೂರ ಜಾಸ್ತಿ, ರಾತ್ರಿಯ ಪ್ರಯಾಣ ಉದ್ದ. ನೀರು ಕೊರೆಯುತ್ತೆ, ವೆಟ್‌ಸೂಟ್ (ನೀರಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು) ಇಲ್ಲದೆ ಹತ್ತು ನಿಮಿಷ ನಿಲ್ಲುವುದು ಕಷ್ಟ. ಕಡಲ ಹಕ್ಕಿಗಳ ದೊಡ್ಡ ಗೂಡುಕಟ್ಟುವ ಜಾಗಗಳನ್ನು ಮುಖ್ಯವಾಗಿ ನೋಡಬೇಕು ಅನ್ನುವವರಿಗೆ ಪಶ್ಚಿಮವೊಂದೇ ಸಾಲದು.

ದಕ್ಷಿಣ ಮತ್ತು ಪೂರ್ವದ ದಾರಿಯಲ್ಲಿ ಮುಖ್ಯವಾದದ್ದು ಎಸ್ಪನ್ಯೋಲಾ. ಪ್ರಪಂಚದ ಅಲೆಗೆರೆ ಆಲ್ಬಟ್ರಾಸ್ ಅನ್ನುವ ದೊಡ್ಡ ಕಡಲ ಹಕ್ಕಿಗಳು ಹೆಚ್ಚುಕಮ್ಮಿ ಎಲ್ಲವೂ ಮರಿ ಮಾಡುವುದು ಈ ಒಂದು ದ್ವೀಪದಲ್ಲಿ. ಏಪ್ರಿಲ್ ಹೊತ್ತಿಗೆ ಬರುತ್ತವೆ, ಡಿಸೆಂಬರ್ ಹೊತ್ತಿಗೆ ಖಾಲಿಯಾಗುತ್ತವೆ. ಜೋಡಿಗಳು ಎದುರುಬದುರು ನಿಂತು ಹಳದಿ ಕೊಕ್ಕಿಗೆ ಕೊಕ್ಕು ತಾಗಿಸಿ ಟಕಟಕ ಸದ್ದು ಮಾಡುತ್ತವೆ, ತಲೆ ಓಲಾಡಿಸುತ್ತವೆ, ಬಾಯಿ ಅಗಲ ತೆರೆದು ಆಕಾಶ ನೋಡುತ್ತವೆ, ಮತ್ತೆ ಮೊದಲಿಂದ. ನೀವು ಎರಡು ಮೀಟರ್ ದೂರದಲ್ಲಿ ನಿಂತಿದ್ದರೂ ಅವಕ್ಕೆ ಗಮನವೇ ಇಲ್ಲ. ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಹೋಗುವವರು ಆಲ್ಬಟ್ರಾಸ್‌ಗಾಗಿ ಈ ದಾರಿ ಹಿಡಿಯಬೇಡಿ. ಆಗಲೂ ಎಸ್ಪನ್ಯೋಲಾದ ಕೆಂಪು-ಹಸಿರು ಬಣ್ಣದ ಇಗ್ವಾನಾಗಳು, ಬೂಬಿಗಳು, ಗಾರ್ಡ್ನರ್ ಬೇ ಕಡಲತೀರದ ಬಿಳಿ ಮರಳಲ್ಲಿ ಮಲಗಿದ ಕಡಲಸಿಂಹಗಳು ಎಲ್ಲ ಇರುತ್ತವೆ. ಆದರೆ ಮುಖ್ಯ ಆಕರ್ಷಣೆ ಇರುವುದಿಲ್ಲ.

ಈ ದಾರಿಯಲ್ಲೇ ಫ್ಲೋರಿಯಾನಾ ಸಿಗುತ್ತೆ. ಫ್ಲೆಮಿಂಗೋಗಳಿರುವ ಕೊಳ, ಮತ್ತು ತಿಮಿಂಗಿಲ ಬೇಟೆಗಾರರ ಕಾಲದಿಂದ ನಡೆದುಬಂದ ಪೀಪಾಯಿ ಅಂಚೆ. ಸ್ಟಾಂಪ್ ಹಚ್ಚದೆ ಕಾರ್ಡ್ ಹಾಕಿ ಬರಬೇಕು, ಒಳಗಿನ ರಾಶಿಯಲ್ಲಿ ನಿಮ್ಮೂರ ಕಡೆಯ ವಿಳಾಸ ಇದ್ದರೆ ಎತ್ತಿಕೊಂಡು ಕೈಯಾರೆ ತಲುಪಿಸಬೇಕು. ಬೆಂಗಳೂರಿನ ವಿಳಾಸ ಇದೆಯಾ ಅಂತ ಹುಡುಕಿ ನೋಡಿ.

ಉತ್ತರದಲ್ಲಿ ಒಂಟಿಯಾಗಿರುವುದು ಜೆನೊವೆಸಾ. ಕುಸಿದ ಜ್ವಾಲಾಮುಖಿಯ ಬಾಯೊಳಗೆ ಸಮುದ್ರ ನುಗ್ಗಿ ಆದ ಕೊಲ್ಲಿಯೊಳಗೇ ದೋಣಿ ಹೋಗಿ ನಿಲ್ಲುತ್ತೆ. ಹಕ್ಕಿ ನೋಡುವ ಹುಚ್ಚಿರುವವರು ಇದನ್ನು ಬಿಡಲೇಬಾರದು ಅನ್ನುತ್ತೇನೆ. ಕೆಂಪು ಪಾದದ ಬೂಬಿಗಳು ಪೊದೆಗಳ ಮೇಲೆ ಗೂಡು ಕಟ್ಟಿರುತ್ತವೆ, ನಾಸ್ಕಾ ಬೂಬಿಗಳು ನೆಲದ ಮೇಲೆ. ಪ್ರಿನ್ಸ್ ಫಿಲಿಪ್ ಮೆಟ್ಟಿಲು ಅಂತ ಕರೆಯುವ ಕಡಿದಾದ ಬಂಡೆಯ ದಾರಿ ಹತ್ತಿದರೆ, ಮೇಲೆ ಬಿರುಕುಬಿಟ್ಟ ಲಾವಾ ಬಯಲು. ಅಲ್ಲಿ ಸಾವಿರಾರು ಪುಟ್ಟ ಪೆಟ್ರೆಲ್ ಹಕ್ಕಿಗಳು ಹಾರಾಡುತ್ತಿರುತ್ತವೆ, ಮತ್ತು ಹಾಡಹಗಲಲ್ಲೇ ಒಂದು ಗೂಬೆ ಬಿರುಕಿನ ಬಾಯಲ್ಲಿ ಕದಲದೆ ಕೂತು ಅವು ಹೊರಬರುವುದನ್ನೇ ಕಾಯುತ್ತಿರುತ್ತೆ. ಲಾವಾ ಬಣ್ಣ, ಗೂಬೆ ಬಣ್ಣ ಒಂದೇ. ಗೈಡ್ ತೋರಿಸಿದರೂ ಕಣ್ಣಿಗೆ ಬೀಳಲು ಹೊತ್ತು ಹಿಡಿಯುತ್ತೆ. ಜೆನೊವೆಸಾಗೆ ಹೋಗಲು ಇಡೀ ರಾತ್ರಿ ತೆರೆದ ಸಮುದ್ರ ದಾಟಬೇಕು, ಸಮುದ್ರ ಏಳುವ ತಿಂಗಳಲ್ಲಿ ಅದು ಸುಲಭದ ರಾತ್ರಿ ಅಲ್ಲ.

ನನ್ನನ್ನು ಕೇಳಿದರೆ, ಜೀವಮಾನದಲ್ಲಿ ಒಂದೇ ಸಲ ಹೋಗುವವರು ಪಶ್ಚಿಮ ಮತ್ತು ಜೆನೊವೆಸಾ ಎರಡೂ ಸೇರಿರುವ ಎಂಟು ದಿನದ ದಾರಿ ಸಿಕ್ಕರೆ ಅದನ್ನೇ ಹಿಡಿಯಿರಿ. ಅಂಥ ದಾರಿಗಳು ಇವೆ, ಹುಡುಕಬೇಕು ಅಷ್ಟೆ. ಏಪ್ರಿಲ್‌ನಿಂದ ನವೆಂಬರ್ ಮಧ್ಯೆ ಹೋಗುತ್ತಿದ್ದು ಆಲ್ಬಟ್ರಾಸ್ ನೋಡಲೇಬೇಕಿದ್ದರೆ ಎಸ್ಪನ್ಯೋಲಾ ಇರುವ ದಾರಿ. ದೈತ್ಯ ಆಮೆ ಮಾತ್ರ ಯಾವ ದಾರಿಯಲ್ಲಿ ಹೋದರೂ ನೋಡಬಹುದು, ಸಾಂಟಾ ಕ್ರೂಜ್‌ನ ಮೇಲಿನ ಹಸಿರು ಜಾಗದಲ್ಲಿ ಹೊಲಗದ್ದೆಗಳ ನಡುವೆ ಸುಮ್ನೆ ಓಡಾಡಿಕೊಂಡಿರುತ್ತವೆ. ಅದಕ್ಕಾಗಿ ದಾರಿ ಆರಿಸಬೇಕಾಗಿಲ್ಲ.

ಯಾವ ತಿಂಗಳು

ಡಿಸೆಂಬರ್ ಕೊನೆಯಿಂದ ಮೇವರೆಗೆ ಸೆಕೆ, ಆಗಾಗ ಮಳೆ, ಸಮುದ್ರ ಶಾಂತ, ನೀರು ಬೆಚ್ಚಗೆ. ಕಡಲಾಮೆಗಳು ಮೊಟ್ಟೆ ಇಡುವ ಕಾಲ. ಜೂನ್‌ನಿಂದ ನವೆಂಬರ್ ತಂಪು, ಗರುವಾ ಅಂತ ಕರೆಯುವ ತುಂತುರು ಮಂಜು, ನೀರು ತಣ್ಣಗೆ. ಆಗ ಮೀನು ಜಾಸ್ತಿ, ಹಕ್ಕಿಗಳ ಗಲಾಟೆ ಜಾಸ್ತಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸಮುದ್ರ ಹೆಚ್ಚು ಏಳುತ್ತೆ. ಬಸ್ಸಿನಲ್ಲಿ ಘಾಟಿ ಹತ್ತಿದರೇ ವಾಂತಿ ಬರುವವರು ಈ ಮೂರು ತಿಂಗಳು ಬಿಟ್ಟು ಫೆಬ್ರವರಿಯಿಂದ ಮೇ ಒಳಗೆ ಹೋಗಿ. ಏಪ್ರಿಲ್ ಕೊನೆ ಮತ್ತು ಮೇ ನನಗೆ ಬಹಳ ಒಳ್ಳೆಯ ಕಾಲ ಅನ್ನಿಸುತ್ತೆ: ಆಲ್ಬಟ್ರಾಸ್ ಬಂದಿರುತ್ತೆ, ಸಮುದ್ರ ಇನ್ನೂ ಶಾಂತವಾಗಿರುತ್ತೆ. ಭಾರತದ ಬೇಸಿಗೆ ರಜೆಗೂ ಇದು ಹೊಂದುತ್ತೆ.

ಹಡಗಿಲ್ಲದೆ ಊರಲ್ಲೇ ಉಳಿದು ನೋಡುವುದು

ದುಡ್ಡಿನ ಮಟ್ಟಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಸಾಂಟಾ ಕ್ರೂಜ್‌ನ ಪೋರ್ಟೊ ಅಯೋರಾ, ಸಾನ್ ಕ್ರಿಸ್ಟೋಬಲ್‌ನ ಪೋರ್ಟೊ ಬಕೆರಿಸೊ ಮೊರೆನೊ, ಇಸಬೆಲಾದ ಪೋರ್ಟೊ ವಿಯಾಮಿಲ್, ಈ ಮೂರು ಊರಲ್ಲಿ ಎರಡು ಮೂರು ರಾತ್ರಿ ಇದ್ದುಕೊಂಡು ಸುತ್ತಬಹುದು. ಹೋಟೆಲ್, ಊಟ, ಒಂದು ದಿನ ಬಿಟ್ಟು ಒಂದು ದಿನ ದೋಣಿ ಪ್ರವಾಸ ಅಂತ ಲೆಕ್ಕ ಹಾಕಿದರೆ ಒಬ್ಬರಿಗೆ ದಿನಕ್ಕೆ ಸುಮಾರು 120ರಿಂದ 200 ಡಾಲರ್‌ನಲ್ಲಿ ಮುಗಿಸಬಹುದು. ಈಕ್ವೆಡಾರ್‌ನಲ್ಲಿ ಅಮೆರಿಕದ ಡಾಲರೇ ನಡೆಯುವುದು, ಬೇರೆ ನೋಟು ಬದಲಾಯಿಸುವ ತಾಪತ್ರಯ ಇಲ್ಲ.

ದುಡ್ಡು ಕೊಡದೆಯೂ ಬಹಳ ನೋಡಬಹುದು. ಪೋರ್ಟೊ ಅಯೋರಾದಿಂದ ಟಾರ್ಟುಗಾ ಬೇ ಕಡಲತೀರಕ್ಕೆ ಕಲ್ಲು ಹಾಸಿದ ಹಾದಿಯಲ್ಲಿ ನಡೆದುಹೋಗಬಹುದು, ಕಡಲ ಇಗ್ವಾನಾಗಳು ಮರಳ ಮೇಲೆ ಬಾಲದ ಗೆರೆ ಎಳೆದುಕೊಂಡು ಅಡ್ಡ ದಾಟುತ್ತಿರುತ್ತವೆ. ಸಾನ್ ಕ್ರಿಸ್ಟೋಬಲ್‌ನಲ್ಲಿ ಕಡಲಸಿಂಹಗಳು ಊರಿನ ಬೆಂಚಿನ ಮೇಲೇ ಮಲಗಿರುತ್ತವೆ. ದುಡ್ಡು ಕೊಟ್ಟು ಹೋಗುವವುಗಳಲ್ಲಿ ಮೂರನ್ನು ಬಿಡಬೇಡಿ: ಸಾನ್ ಕ್ರಿಸ್ಟೋಬಲ್‌ನಿಂದ ಕಿಕರ್ ರಾಕ್ (ಸೀಳಿದ ಬಂಡೆಯ ನಡುವಿನ ನೀರಲ್ಲಿ ಶಾರ್ಕ್‌ಗಳು), ಇಸಬೆಲಾದಿಂದ ಲೋಸ್ ಟೂನೆಲೆಸ್ (ಲಾವಾ ಕಮಾನುಗಳ ಕೆಳಗೆ ಕಡಲಾಮೆ, ಕಡಲಕುದುರೆ), ಸಾಂಟಾ ಕ್ರೂಜ್‌ನಿಂದ ನಾರ್ತ್ ಸೀಮೋರ್ (ಕೆಂಪು ಚೀಲ ಊದಿಸಿದ ಫ್ರಿಗೇಟ್ ಹಕ್ಕಿ, ನೀಲಿ ಪಾದದ ಬೂಬಿ). ಬಾರ್ಟೊಲೊಮೆ ದ್ವೀಪಕ್ಕೂ ದಿನದ ದೋಣಿ ಇದೆ, ಅಲ್ಲಿ ಅದೃಷ್ಟ ಇದ್ದರೆ ಪೆಂಗ್ವಿನ್ ಸಿಗುತ್ತೆ.

ಆದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ನನಗೆ ಸಮುದ್ರ ಆಗಿಬರಲ್ಲ, ಅದಕ್ಕೆ ಹಡಗು ಬೇಡ, ಊರಲ್ಲಿರುತ್ತೇನೆ’ ಅನ್ನುವವರು ಗಮನಿಸಿ. ದ್ವೀಪದಿಂದ ದ್ವೀಪಕ್ಕೆ ಹೋಗುವುದು ಚಿಕ್ಕ ವೇಗದ ದೋಣಿಯಲ್ಲಿ, ಹೆಚ್ಚುಕಮ್ಮಿ ಎರಡು ಗಂಟೆ. ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸಿನ ಕೊನೆಯ ಸೀಟಲ್ಲಿ ಕೂತಂತೆ ಎತ್ತಿ ಎತ್ತಿ ಹಾಕುತ್ತೆ. ದೊಡ್ಡ ಹಡಗಿಗಿಂತ ಇದರಲ್ಲೇ ಹೊಟ್ಟೆ ಜಾಸ್ತಿ ತೊಳಸುತ್ತೆ, ಬೆನ್ನು ನೋವಿದ್ದವರಿಗೆ ಇನ್ನೂ ಕಷ್ಟ. ದ್ವೀಪಗಳ ನಡುವೆ ಸಣ್ಣ ವಿಮಾನಗಳೂ ಇವೆ, ದರ ಜಾಸ್ತಿ. ಸಮುದ್ರ ನಿಜವಾಗಿಯೂ ಆಗದವರು ಮೂರು ದ್ವೀಪ ಸುತ್ತುವುದು ಬಿಟ್ಟು ಸಾಂಟಾ ಕ್ರೂಜ್ ಒಂದರಲ್ಲೇ, ಅಥವಾ ಸಾನ್ ಕ್ರಿಸ್ಟೋಬಲ್ ಒಂದರಲ್ಲೇ ಇರುವುದು ಒಳ್ಳೆಯದು.

ಇನ್ನೊಂದು ಕೊರತೆ ಹೊತ್ತಿನದು. ದಿನದ ದೋಣಿ ಊರಿಂದ ಹೊರಟು ದ್ವೀಪ ಮುಟ್ಟುವಷ್ಟರಲ್ಲಿ ಬಿಸಿಲೇರಿರುತ್ತೆ, ಹಕ್ಕಿಗಳು ಸುಮ್ಮನಾಗಿರುತ್ತವೆ. ಹಡಗಿನಲ್ಲಿದ್ದರೆ ರಾತ್ರಿ ನೀವು ಮಲಗಿರುವಾಗಲೇ ದಾರಿ ಸಾಗುತ್ತೆ, ಬೆಳಗ್ಗೆ ಎದ್ದಾಗ ದ್ವೀಪದ ಮುಂದೆ ಇರುತ್ತೀರಿ. ಫೆರ್ನಾಂಡಿನಾ, ಜೆನೊವೆಸಾ, ಪಶ್ಚಿಮ ಇಸಬೆಲಾ ಈ ಮೂರೂ ಊರಿಂದ ಸಿಗುವುದಿಲ್ಲ. ಇವುಗಳಲ್ಲಿ ಯಾವುದೂ ನಿಮ್ಮ ಪಟ್ಟಿಯಲ್ಲಿ ಇಲ್ಲ ಅಂದರೆ ಊರಲ್ಲೇ ಇದ್ದು ನೋಡಿ, ನಿಮಗೆ ಮೋಸವೇನೂ ಆಗುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರಿಗೆ ನಾನು ಹೇಳುವುದು ಇದನ್ನೇ. ಹಲವು ಸಣ್ಣ ದೋಣಿಗಳು ಆರೇಳು ವರ್ಷಕ್ಕಿಂತ ಚಿಕ್ಕವರನ್ನು ಹತ್ತಿಸಿಕೊಳ್ಳುವುದೂ ಇಲ್ಲ.

ಹದಿನಾರು ಜನರ ದೋಣಿ

ಗಲಾಪಗೋಸ್‌ನಲ್ಲಿ ಹೆಚ್ಚಿನ ದೋಣಿಗಳು ಇವೇ. ಒಬ್ಬ ಗೈಡ್, ಹದಿನಾರು ಜನ, ಎರಡು ಪಾಂಗಾ. ಪಾಂಗಾ ಅಂದರೆ ದಡಕ್ಕೆ ಕರೆದೊಯ್ಯುವ ಚಿಕ್ಕ ರಬ್ಬರ್ ದೋಣಿ. ಎಲ್ಲರೂ ಒಟ್ಟಿಗೆ ಇಳಿಯುತ್ತೀರಿ, ಒಟ್ಟಿಗೆ ಹತ್ತುತ್ತೀರಿ, ಸರದಿ ಕಾಯುವುದು ಇಲ್ಲ. ದಾರಿಯಲ್ಲಿ ಡಾಲ್ಫಿನ್ ಹಿಂಡು ಕಂಡರೆ ಕ್ಯಾಪ್ಟನ್ ಎಂಜಿನ್ ನಿಧಾನ ಮಾಡಿ ನಿಲ್ಲಿಸಬಲ್ಲರು.

ಇದರಲ್ಲೇ ಮೂರು ಮಟ್ಟ. ಕಡಿಮೆ ದರದವು ಎಂಟು ದಿನಕ್ಕೆ ಒಬ್ಬರಿಗೆ ಸುಮಾರು 2000ದಿಂದ 3000 ಡಾಲರ್, ನಡುವಿನವು 3500ರಿಂದ 5000, ಮೇಲಿನವು 6000 ದಾಟಿ ಹೋಗುತ್ತವೆ. ಕಡಿಮೆ ದರದಲ್ಲಿ ಏನನ್ನು ಬಿಟ್ಟುಕೊಡುತ್ತೀರಿ? ಕೋಣೆ ಇಕ್ಕಟ್ಟು, ಮೇಲೆ ಕೆಳಗೆ ಬಂಕ್ ಹಾಸಿಗೆ, ದೋಣಿ ನಿಧಾನ. ನಿಧಾನ ಅನ್ನುವುದು ಮುಖ್ಯ, ಯಾಕೆಂದರೆ ದೂರದ ದ್ವೀಪಕ್ಕೆ ರಾತ್ರಿ ಹತ್ತು ಗಂಟೆ ಸಾಗುವ ಕಡೆ ಎಂಜಿನ್ ಸದ್ದಿನಲ್ಲಿ ನಿದ್ದೆ ಬರಬೇಕು. ಪ್ರಾಣಿಗಳಿಗೆ ದೋಣಿಯ ದರ ಗೊತ್ತಿಲ್ಲ, ಪುಂಟಾ ಎಸ್ಪಿನೋಜಾದಲ್ಲಿ ಎಲ್ಲರಿಗೂ ಅದೇ ಇಗ್ವಾನಾ. ವ್ಯತ್ಯಾಸ ಆಗುವುದು ಗೈಡ್‌ನಲ್ಲಿ. ಪರವಾನಗಿ ಎಲ್ಲರಿಗೂ ಇರುತ್ತೆ, ಆದರೆ ಇಂಗ್ಲಿಷ್ ಎಷ್ಟು ಚೆನ್ನಾಗಿದೆ, ಜೀವಶಾಸ್ತ್ರ ಎಷ್ಟು ಗೊತ್ತು ಅನ್ನುವುದು ಬೇರೆ ಬೇರೆ. ಒಳ್ಳೆಯ ಗೈಡ್ ಇದ್ದರೆ ಒಂದು ಬರಡು ಲಾವಾ ಬಂಡೆಯ ಮುಂದೆಯೂ ಅರ್ಧ ಗಂಟೆ ನಿಂತು ಕೇಳಬೇಕು ಅನ್ನಿಸುತ್ತೆ. ಆದ್ದರಿಂದ ಹಳಬರ ಅನಿಸಿಕೆ ಓದುವಾಗ ಕೋಣೆ, ಊಟದ ಮಾತು ದಾಟಿ ಗೈಡ್ ಬಗ್ಗೆ ಏನು ಬರೆದಿದ್ದಾರೆ ಅಂತ ನೋಡಿ. ಅಕಸ್ಮಾತ್ ದುಡ್ಡು ಎರಡು ಕಡೆ ಹಂಚಬೇಕಾಗಿ ಬಂದರೆ, ಒಳ್ಳೆಯ ಕೋಣೆಯಲ್ಲಿ ಐದು ದಿನಕ್ಕಿಂತ ಸಾಧಾರಣ ಕೋಣೆಯಲ್ಲಿ ಎಂಟು ದಿನ ನನಗೆ ಮೇಲು.

ಒಂದೇ ಒಡಲಿನ ದೋಣಿಯೋ, ಎರಡು ಒಡಲಿನ ಕ್ಯಾಟಮರಾನೋ? ಕ್ಯಾಟಮರಾನ್ ಅಗಲವಾಗಿರುತ್ತೆ, ಅಕ್ಕಪಕ್ಕ ಓಲಾಡುವುದು ಕಡಿಮೆ. ಎದುರಿನಿಂದ ಅಲೆ ಬಂದಾಗ ಮಾತ್ರ ನಡುವೆ ‘ಧಡ್’ ಅಂತ ಬಡಿಯುತ್ತೆ. ದರ ಸ್ವಲ್ಪ ಜಾಸ್ತಿ. ಹೊಟ್ಟೆಯ ಚಿಂತೆ ಇದ್ದವರಿಗೆ ಆ ಹೆಚ್ಚಿನ ದುಡ್ಡು ಕೊಡುವುದು ಸರಿ. ಕೋಣೆ ಆರಿಸುವಾಗಲೂ ಒಂದು ಕೊಡುಕೊಳ್ಳುವಿಕೆ ಇದೆ: ಕೆಳಗಿನ, ಮಧ್ಯದ ಕೋಣೆ ಕಡಿಮೆ ಓಲಾಡುತ್ತೆ, ಆದರೆ ಎಂಜಿನ್ ಹತ್ತಿರ ಇದ್ದರೆ ಸದ್ದು ಮತ್ತು ಡೀಸೆಲ್ ವಾಸನೆ. ಮೇಲಿನ ಕೋಣೆಗೆ ಗಾಳಿ ಬೆಳಕು ಚೆನ್ನ, ಓಲಾಟ ಜಾಸ್ತಿ. ದೋಣಿಯ ನಕ್ಷೆ ತರಿಸಿಕೊಂಡು ಎಂಜಿನ್ ಎಲ್ಲಿದೆ ಅಂತ ಕೇಳಿ.

ದೊಡ್ಡ ಹಡಗು

ನಲವತ್ತರಿಂದ ನೂರು ಜನರ ಹಡಗು ಸಮುದ್ರ ಎದ್ದಾಗಲೂ ಗಟ್ಟಿಯಾಗಿ ನಿಲ್ಲುತ್ತೆ. ದೊಡ್ಡವುಗಳಲ್ಲಿ ಸಾಮಾನ್ಯವಾಗಿ ಡಾಕ್ಟರ್ ಇರುತ್ತಾರೆ. ಗೈಡ್‌ಗಳು ಐದಾರು ಜನ ಇರುವುದರಿಂದ ವೇಗವಾಗಿ ನಡೆಯುವವರ ಗುಂಪು ಬೇರೆ, ನಿಧಾನವಾಗಿ ನಡೆಯುವವರದು ಬೇರೆ ಮಾಡುತ್ತಾರೆ. ನಡೆಯಲು ಆಗದವರನ್ನು ಪಾಂಗಾದಲ್ಲೇ ಕೂರಿಸಿಕೊಂಡು ದಡದ ಉದ್ದಕ್ಕೂ ಸುತ್ತಿಸುತ್ತಾರೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ಮೂರು ತಲೆಮಾರು ಒಟ್ಟಿಗೆ ಹೊರಟವರು ಇದನ್ನೇ ಯೋಚಿಸಿ. ದರ ಸಣ್ಣ ದೋಣಿಯ ಮೇಲಿನ ಮಟ್ಟದಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಸರದಿಯಲ್ಲಿ ಇಳಿಯಬೇಕು, ಊಟದ ಹಾಲ್‌ನಲ್ಲಿ ತೊಂಬತ್ತು ಜನ. ಒಂದೇ ಗೈಡ್ ಜೊತೆ ವಾರವಿಡೀ ಇದ್ದು ಬೆಳೆಯುವ ಆತ್ಮೀಯತೆ ಇಲ್ಲಿ ಕಷ್ಟ.

ಹಡಗು ಎಷ್ಟೇ ದೊಡ್ಡದಾದರೂ ದಡಕ್ಕೆ ಇಳಿಯುವುದು ಪಾಂಗಾದಿಂದಲೇ, ಇದು ನೆನಪಿರಲಿ. ಕೆಲವು ಕಡೆ ಮೊಣಕಾಲುದ್ದ ನೀರಿಗೆ ಇಳಿಯಬೇಕು, ಕೆಲವು ಕಡೆ ಜಾರುವ ಬಂಡೆಯ ಮೇಲೆ ಕಾಲಿಡಬೇಕು. ನಾವಿಕರು ಕೈ ಹಿಡಿಯುತ್ತಾರೆ. ಮಂಡಿ ನೋವು ತೀರಾ ಇದ್ದವರು ಈ ಒಂದು ವಿಷಯವನ್ನು ಮೊದಲೇ ಯೋಚಿಸಬೇಕು.

ಡೈವಿಂಗ್ ದೋಣಿ ಬೇರೆಯದೇ ಲೋಕ. ಉತ್ತರದ ವುಲ್ಫ್ ಮತ್ತು ಡಾರ್ವಿನ್ ದ್ವೀಪಗಳಿಗೆ ಹೋಗುವುದು ಅವು ಮಾತ್ರ. ಸುತ್ತಿಗೆ ತಲೆಯ ಶಾರ್ಕ್‌ಗಳ ಹಿಂಡು, ಜೂನ್‌ನಿಂದ ನವೆಂಬರ್ ನಡುವೆ ತಿಮಿಂಗಿಲ ಶಾರ್ಕ್. ಪ್ರವಾಹ ಜೋರು, ಅನುಭವ ಇಲ್ಲದವರ ಜಾಗ ಅಲ್ಲ. ದಡಕ್ಕೆ ಇಳಿಯುವುದು ಬಹಳ ಕಡಿಮೆ, ಆದ್ದರಿಂದ ಡೈವ್ ಮಾಡದ ಗಂಡನನ್ನೋ ಹೆಂಡತಿಯನ್ನೋ ಜೊತೆಗೆ ಕರೆದೊಯ್ಯಬೇಡಿ.

ದಿನದ ಲೆಕ್ಕ ಸರಿಯಾಗಿ ಮಾಡಿ

ಎಂಟು ದಿನ ಅಂದರೆ ಏಳು ರಾತ್ರಿ. ಮೊದಲ ದಿನ ವಿಮಾನ ಇಳಿದು ದೋಣಿ ಹತ್ತುವಷ್ಟರಲ್ಲಿ ಮಧ್ಯಾಹ್ನ, ಕೊನೆಯ ದಿನ ಬೆಳಗ್ಗೆ ಒಂದು ಚಿಕ್ಕ ಸುತ್ತು, ಆಮೇಲೆ ವಿಮಾನ ನಿಲ್ದಾಣ. ಪೂರ್ತಿ ದಿನ ಸಿಗುವುದು ಆರು. ಐದು ದಿನದ್ದರಲ್ಲಿ ಮೂರು. ನಾಲ್ಕು ದಿನದ್ದರಲ್ಲಿ ಎರಡೇ. ಬೆಂಗಳೂರಿನಿಂದ ಅಷ್ಟು ದೂರ ಹಾರಿ ಎರಡು ದಿನ ನೋಡಿ ಬರುವುದಕ್ಕಿಂತ, ನಾಲ್ಕು ದಿನದ ದುಡ್ಡನ್ನು ಊರಲ್ಲೇ ಉಳಿಯಲು ಹಾಕಿದರೆ ಒಂದು ವಾರಕ್ಕೂ ಮೇಲೆ ಇರಬಹುದು. ಐದು ದಿನದ್ದು ಫೆರ್ನಾಂಡಿನಾ ಮುಟ್ಟುವುದಾದರೆ ಪರವಾಗಿಲ್ಲ, ಅದರ ಹಿಂದೆ ಮುಂದೆ ನಾಲ್ಕು ದಿನ ಊರಲ್ಲಿ ಇದ್ದುಬಿಟ್ಟರೆ ನಡುವಿನ ಬಜೆಟ್‌ನವರಿಗೆ ಇದು ಒಳ್ಳೆಯ ಜೋಡಣೆ. ಇನ್ನೊಂದು ವಿಷಯ, ಕೆಲವು ಎಂಟು ದಿನದ ಪ್ರವಾಸಗಳು ನಿಜದಲ್ಲಿ ನಾಲ್ಕು ಮತ್ತು ಐದು ದಿನದ ಎರಡು ತುಂಡನ್ನು ಹೊಲಿದದ್ದು. ಮಧ್ಯದಲ್ಲಿ ಒಂದು ದಿನ ಅರ್ಧ ಜನ ಇಳಿದು ಹೊಸಬರು ಹತ್ತುತ್ತಾರೆ, ಆ ದಿನದ ಬಹುಭಾಗ ಅದಕ್ಕೇ ಹೋಗುತ್ತೆ. ದಿನದಿನದ ಪಟ್ಟಿ ನೋಡಿದರೆ ಇದು ತಿಳಿಯುತ್ತೆ.

ಪೋರ್ಟೊ ಅಯೋರಾಕ್ಕೆ ಹೋಗಿ ಅಲ್ಲಿಯ ಏಜೆಂಟರ ಹತ್ತಿರ ಉಳಿದ ಸೀಟು ಕಡಿಮೆಗೆ ಕೊಳ್ಳುವ ದಾರಿಯೂ ಇದೆ. ದಕ್ಷಿಣ ಅಮೆರಿಕದಲ್ಲಿ ತಿಂಗಳುಗಟ್ಟಲೆ ಸುತ್ತುತ್ತಿರುವವರಿಗೆ ಅದು ಲಾಭ. ರಜೆ ಎಣಿಸಿಕೊಂಡು ಹೋಗುವವರು, ನಾಲ್ಕು ಜನರ ಕುಟುಂಬ, ಇಂಥದ್ದೇ ದಾರಿ ಬೇಕು ಅನ್ನುವವರು ಇದನ್ನು ನಂಬಿಕೊಳ್ಳಬೇಡಿ.

ಯಾವ ದಾರಿ ಹಿಡಿದರೂ ತಪ್ಪದ ಖರ್ಚು ಇದೆ. ಉದ್ಯಾನದ ಪ್ರವೇಶ 2024ರ ಆಗಸ್ಟ್‌ನಿಂದ ನಮ್ಮಂಥ ವಿದೇಶಿಯರಿಗೆ 200 ಡಾಲರ್ ಆಗಿದೆ, ಹನ್ನೆರಡು ವರ್ಷದೊಳಗಿನವರಿಗೆ 100. ಈಕ್ವೆಡಾರ್‌ನ ಕೀಟೊ ಅಥವಾ ಗುವಾಯಾಕಿಲ್ ನಗರದಿಂದ ವಿಮಾನದ ದರ, ವಿಮಾನ ನಿಲ್ದಾಣದಲ್ಲೇ ಮಾಡಿಸುವ ಪ್ರಯಾಣ ಕಾರ್ಡಿನ ಶುಲ್ಕ, ಗೈಡ್ ಮತ್ತು ನಾವಿಕರಿಗೆ ಕೊಡುವ ಟಿಪ್ಸ್, ಕೆಲವು ದೋಣಿಗಳಲ್ಲಿ ವೆಟ್‌ಸೂಟ್ ಬಾಡಿಗೆ. ಒಬ್ಬರೇ ಹೋಗಿ ಕೋಣೆ ಒಬ್ಬರಿಗೇ ಬೇಕೆಂದರೆ ಒಂದೂವರೆ ಪಟ್ಟು, ಕೆಲವು ಕಡೆ ಎರಡು ಪಟ್ಟು ಕೇಳುತ್ತಾರೆ. ಬೇರೆಯವರ ಜೊತೆ ಹಂಚಿಕೊಳ್ಳಲು ಒಪ್ಪಿದರೆ ಉಳಿಯುತ್ತೆ.

ದುಡ್ಡು ಕಟ್ಟುವ ಮೊದಲು

ದಿನದಿನದ ಜಾಗಗಳ ಹೆಸರಿರುವ ಪಟ್ಟಿ ಬರೆದು ಕಳಿಸಲು ಹೇಳಿ. ‘ಇಸಬೆಲಾ’ ಅಂತ ಮಾತ್ರ ಇದ್ದರೆ ಸಾಲದು, ಪೋರ್ಟೊ ವಿಯಾಮಿಲ್ ಊರೂ ಇಸಬೆಲಾವೇ, ಪಶ್ಚಿಮದ ಪುಂಟಾ ವಿಸೆಂಟೆ ರೋಕಾವೂ ಇಸಬೆಲಾವೇ. ಎರಡಕ್ಕೂ ಅಜಗಜಾಂತರ. ಹತ್ತುವುದು, ಇಳಿಯುವುದು ಬಾಲ್ಟ್ರಾದಲ್ಲೋ (ಸಾಂಟಾ ಕ್ರೂಜ್ ಪಕ್ಕದ, ವಿಮಾನ ನಿಲ್ದಾಣ ಇರುವ ದ್ವೀಪ) ಸಾನ್ ಕ್ರಿಸ್ಟೋಬಲ್‌ನಲ್ಲೋ ಕೇಳಿ, ವಿಮಾನದ ಟಿಕೆಟ್ ಅದಕ್ಕೆ ತಕ್ಕಂತೆ ಬೇಕು.

ಸಸ್ಯಾಹಾರಿಗಳು ಬರೀ ‘ವೆಜಿಟೇರಿಯನ್’ ಅಂತ ಬರೆದು ಬಿಡಬೇಡಿ. ಮೀನು, ಕೋಳಿ, ಅವುಗಳ ಸಾರು ಯಾವುದೂ ಬೇಡ, ಮೊಟ್ಟೆ ಆಗುತ್ತೆ ಅಥವಾ ಆಗಲ್ಲ ಅಂತ ಬಿಡಿಸಿ ಬರೆಯಿರಿ. ಹದಿನಾರು ಜನಕ್ಕೆ ಅಡುಗೆ ಮಾಡುವವರಿಗೆ ಮುಂಚೆಯೇ ತಿಳಿದರೆ ಅನ್ನ, ಕಾಳು, ಬಾಳೆಕಾಯಿ, ಆಲೂಗಡ್ಡೆಯಲ್ಲಿ ಚೆನ್ನಾಗಿಯೇ ಮಾಡಿಕೊಡುತ್ತಾರೆ. ಇಲ್ಲಿಂದ ತೆಗೆದುಕೊಂಡು ಹೋಗುವುದರಲ್ಲಿ ಎಚ್ಚರ ಇರಲಿ. ತಾಜಾ ಹಣ್ಣು, ಬೀಜ, ಸೊಪ್ಪು ದ್ವೀಪದ ಒಳಗೆ ಬಿಡುವುದಿಲ್ಲ, ಒಂದು ಎಸಳು ಕರಿಬೇವು ಕೂಡ. ಈಕ್ವೆಡಾರ್‌ನ ವಿಮಾನ ನಿಲ್ದಾಣದಲ್ಲೇ ಬ್ಯಾಗ್ ತಪಾಸಣೆ ಮಾಡಿ ಸೀಲ್ ಹಾಕುತ್ತಾರೆ. ಹಿಂದೆ ಹಡಗಿನವರು ಬಿಟ್ಟುಹೋದ ಆಡುಗಳು ಆಮೆಗಳ ಮೇವನ್ನೆಲ್ಲ ತಿಂದುಹಾಕಿದ್ದವು, ಉತ್ತರ ಇಸಬೆಲಾ ಮತ್ತು ಸಾಂಟಿಯಾಗೊ ದ್ವೀಪದಿಂದ ಅವನ್ನು ಪೂರ್ತಿ ತೆಗೆಯುವಷ್ಟರಲ್ಲಿ 2006 ಆಯಿತು. ಆದ್ದರಿಂದ ಈ ಕಟ್ಟುನಿಟ್ಟನ್ನು ಖುಷಿಯಿಂದಲೇ ಒಪ್ಪಿಕೊಳ್ಳಬೇಕು.

ಭಾರತದ ಪಾಸ್‌ಪೋರ್ಟ್ ಇದ್ದವರು ಈಕ್ವೆಡಾರ್ ವೀಸಾ ಕೆಲಸವನ್ನು ಮುಂಗಡ ಕಟ್ಟುವ ಮೊದಲೇ ಶುರು ಮಾಡಿ, ಯಾಕೆಂದರೆ ಹೊರಡುವ ದಿನ ಹತ್ತಿರ ಬಂದಮೇಲೆ ರದ್ದು ಮಾಡಿದರೆ ದೋಣಿಯವರು ದುಡ್ಡು ವಾಪಸ್ ಕೊಡುವುದು ಅಪರೂಪ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಇಲ್ಲಿಂದಲೇ ಒಯ್ಯಿರಿ, ಓಲಾಟ ಶುರುವಾಗುವ ಮೊದಲು ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತೆ. ಮತ್ತೆ ಹಳದಿ ಜ್ವರದ ಲಸಿಕೆ. ಭಾರತ ಸರ್ಕಾರದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿ ಈಕ್ವೆಡಾರ್ ಇದೆ. ಅಲ್ಲಿಂದ ಆರು ದಿನದೊಳಗೆ ಭಾರತಕ್ಕೆ ಬಂದಿಳಿದರೆ ಲಸಿಕೆಯ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್‌ನಲ್ಲಿ ಇರಿಸಬಹುದು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕುತ್ತಾರೆ, ಹಾಕಿಸಿದ ಹತ್ತು ದಿನದ ನಂತರವೇ ಕಾರ್ಡ್ ಊರ್ಜಿತ. ವಯಸ್ಸಾದವರಿಗೆ ಈ ಲಸಿಕೆ ಕೊಡುವಾಗ ಡಾಕ್ಟರು ಯೋಚಿಸಿ ಕೊಡುತ್ತಾರೆ, ಆದ್ದರಿಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಹಡಗು ಬುಕ್ ಮಾಡುವುದಕ್ಕಿಂತ ಮುಂಚೆ ಆ ಒಂದು ಭೇಟಿ ಮುಗಿಸಿಕೊಳ್ಳಿ.